ಪಿರಿಟಾ ಬಳ್ಳಿಯ ಬೆತ್ತ

ಆಕ್ಲೆಂಡ್, ಸೆಪ್ಟೆಂಬರ್ 14, 2025, ಭಾನುವಾರ

ಇಂದಿನಿಂದ ಇಲ್ಲಿ ನ್ಯೂಜಿಲೆಂಡಿನಲ್ಲಿ ಮಾವೋರಿ ಭಾಷಾ ಸಪ್ತಾಹ. ಮಾವೋರಿಗಳೆಂದರೆ ಈ ನೆಲದ ಮೂಲನಿವಾಸಿಗಳು. ತಿಂಡಿಗೆ ಬಂದ ಮೊಮ್ಮಗಳು "ಮೊರೆನಾ, ಅಜ್ಜಿ" ಎಂದಳು. ಕನ್ನಡದಲ್ಲಿ ಬೆಳಿಗ್ಗೆ ಏನೆನ್ನುತ್ತೀರಿ ಎಂದೂ ಕೇಳಿದಳು. ನಮ್ಮ ಮನೆಗಳಲ್ಲಿ ಹಾಗೆ ಹೇಳುವ ರೂಢಿಯಿಲ್ಲ, "ಎದ್ದೆಯಾ? ಕಾಫಿ ಆಯಿತಾ?" ಎನ್ನುತ್ತೇವೆ ಎಂದೆ. ಅವಳಿಗೆ ನಗು.

ನನ್ನ ಮನಸ್ಸು ನಿನ್ನೆ ರಾತ್ರಿ ಓದಿದ್ದರಲ್ಲೇ ಇತ್ತು. ಸರ್ಕಾರದ ಮೇಲಿನ ಮಾವೋರಿಗಳ ದೂರುಗಳನ್ನು ವಿಚಾರಿಸುವ ವೈಟಾಂಗಿ ನ್ಯಾಯಮಂಡಳಿ ಅವರ ಭಾಷೆಯ ಕುರಿತು 1986ರಲ್ಲಿ ಕೊಟ್ಟ ವರದಿ ಅದು. ಸರ್ ಜೇಮ್ಸ್ ಹೆನಾರೆ ಎಂಬ ಹಿರಿಯರು ತಮ್ಮ ಬಾಲ್ಯವನ್ನು ಅಲ್ಲಿ ನೆನೆದಿದ್ದಾರೆ. ಹುಟ್ಟಿದ್ದು 1911ರಲ್ಲಿ, ಉತ್ತರದ ಮೋಟಾಟಾವಿನಲ್ಲಿ. ಶಾಲೆಯ ಅಂಗಳದಲ್ಲಿ ಮಾವೋರಿ ಮಾತಾಡಿದ್ದಕ್ಕೆ ಅವರನ್ನು ಕಾಡಿಗೆ ಅಟ್ಟಿ ಪಿರಿಟಾ ಬಳ್ಳಿ ಕಡಿದು ತರಿಸಿದರಂತೆ, ಆಮೇಲೆ ಅದರಲ್ಲೇ ಹೊಡೆದರಂತೆ. ಅನ್ನ ಸಂಪಾದಿಸಬೇಕಾದರೆ ಇಂಗ್ಲಿಷ್ ಆಡು ಎಂದು ಮೇಷ್ಟರೊಬ್ಬರು ಬುದ್ಧಿಯನ್ನೂ ಹೇಳಿದ್ದರಂತೆ. ಪಿರಿಟಾ ಎಂದರೆ ನಮ್ಮ ಬೆತ್ತದ ಹಾಗೆ ಗಟ್ಟಿಯಾದ, ಬಾಗುವ ಕಾಡುಬಳ್ಳಿ. ಹಾವುಮೀನು ಹಿಡಿಯುವ ಬುಟ್ಟಿ ಹೆಣೆಯಲು ಅವರ ಹಿರಿಯರು ಬಳಸುತ್ತಿದ್ದದ್ದು.

ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವಳು ನಾನು. "ಹೋಗಿ ಒಂದು ಲಕ್ಕಿ ಬರಲು ಮುರಿದುಕೊಂಡು ಬಾ" ಎಂದು ಎಷ್ಟು ಮಕ್ಕಳನ್ನು ಕಳಿಸಿದ್ದೇನೋ. ಭಾಷೆಗಾಗಿ ಹೊಡೆದವಳಲ್ಲ, ಲೆಕ್ಕ ತಪ್ಪಿದ್ದಕ್ಕೆ ಎಂದು ಸಮಾಧಾನ ಮಾಡಿಕೊಂಡೆ. ಪೂರ್ತಿ ಆಗಲಿಲ್ಲ.

ಮಾವೋರಿ ಮಕ್ಕಳಿಗೆಂದೇ ಸರ್ಕಾರ ನಡೆಸುತ್ತಿದ್ದ ಆ ಶಾಲೆಗಳು ಹುಟ್ಟಿದ ಬಗೆಯೇ ವಿಚಿತ್ರ. 1867ರ ಕಾಯಿದೆಯ ಪ್ರಕಾರ ಊರಿಗೆ ಶಾಲೆ ಬೇಕೆಂದರೆ ಮಾವೋರಿಗಳೇ ಅರ್ಜಿ ಹಾಕಬೇಕು, ಜಾಗ ಕೊಡಬೇಕು, ಖರ್ಚಿಗೂ ಕೈ ಜೋಡಿಸಬೇಕು. ಬ್ರಿಟಿಷರೊಡನೆ ನಡೆದ ಯುದ್ಧದಲ್ಲಿ ಸೋತು, ಭೂಮಿ ಕಳೆದುಕೊಂಡು, ಉಳಿದದ್ದು ಕೂಡ ನ್ಯಾಯಾಲಯದ ಕಾಗದಪತ್ರಗಳಲ್ಲಿ ಕರಗುತ್ತಿದ್ದ ಕಾಲ. ಆ ಕಾಗದ ಓದುವವನೊಬ್ಬ ಮನೆಯಲ್ಲಿರಲಿ ಎಂದು ಯಾರಿಗೆ ಅನ್ನಿಸದು? 1876ರಲ್ಲಿ ವಿ ತೆ ಹಾಕಿರೊ ಮತ್ತು ಇತರ 336 ಮಂದಿ ಸಂಸತ್ತಿಗೆ ಮನವಿ ಕೊಟ್ಟರು: ಶಾಲೆಯಲ್ಲಿ ಒಂದೇ ಒಂದು ಮಾವೋರಿ ಮಾತು ಕೇಳಬಾರದು, ಮೇಷ್ಟರಿಗೂ ಅವರ ಹೆಂಡತಿ ಮಕ್ಕಳಿಗೂ ಮಾವೋರಿ ಬರಲೇಬಾರದು ಎಂದು! ಇದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಊರಿನಲ್ಲಿ ನನ್ನ ಮಗಳನ್ನು ಕಾನ್ವೆಂಟಿಗೆ ಹಾಕಿದವಳು ಕನ್ನಡ ಮೇಡಂ ಆದ ನಾನೇ. ಅಲ್ಲಿ ಕನ್ನಡ ಮಾತಾಡಿದರೆ ಒಂದು ರೂಪಾಯಿ ದಂಡ. ತುಟಿ ಪಿಟಕ್ಕೆನ್ನದೆ ಕಟ್ಟುತ್ತಿದ್ದೆ.

ಆದರೆ ಆ ತಂದೆತಾಯಿಗಳು ಕೇಳಿದ್ದು ಇಂಗ್ಲಿಷನ್ನು. ಮನೆಯಲ್ಲಿ ತಮ್ಮ ಮಾತು ಎಲ್ಲಿಗೆ ಹೋದೀತು ಎಂಬ ಧೈರ್ಯ ಅವರದು. 1880ರ ನಿಯಮಾವಳಿ ಕೂಡ ಚಿಕ್ಕ ತರಗತಿಗಳಲ್ಲಿ ಅರ್ಥ ಹೇಳಲು ಮಾವೋರಿಗೆ ಎಡೆ ಕೊಟ್ಟಿತ್ತು. 1903ರಲ್ಲಿ ವಿಲಿಯಂ ಬರ್ಡ್ ಇನ್‌ಸ್ಪೆಕ್ಟರ್ ಆದ ಮೇಲೆ "ನೇರ ವಿಧಾನ" ಬಂತು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸುವುದು, ಮಗುವಿನ ಮಾತನ್ನು ಬಾಗಿಲಾಚೆ ಬಿಡುವುದು. ಮೇಷ್ಟರ ಮನೆ ಶಾಲೆಯ ಮಗ್ಗುಲಲ್ಲೇ. ಅವರ ಹೆಂಡತಿ ಹುಡುಗಿಯರಿಗೆ ಹೊಲಿಗೆ ಕಲಿಸಬೇಕು, ಊರಿನ ಜ್ವರ ಕೆಮ್ಮಿಗೆ ಔಷಧಿಯೂ ಅದೇ ಮನೆಯಿಂದ. ಇದರಲ್ಲಿ ಒಳ್ಳೆಯದೂ ಇತ್ತು, ಇಲ್ಲವೆನ್ನಲಾರೆ.

ಇನ್ನು ಆ ಇಂಗ್ಲಿಷ್ ಕೊಟ್ಟ ಅನ್ನದ ಮಾತು. ಹಾಕ್ಸ್ ಬೇ ಪ್ರಾಂತ್ಯದ ತೆ ಔತೆ ಕಾಲೇಜಿನ ಮುಖ್ಯೋಪಾಧ್ಯಾಯ ಜಾನ್ ಥಾರ್ನ್‌ಟನ್ ಮಾವೋರಿ ಹುಡುಗರನ್ನು ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಕೂರಿಸಿದರು. ಅಲ್ಲಿಂದ ಹೊರಟ ಅಪಿರಾನಾ ನಾಟಾ 1893ರಲ್ಲಿ ಬಿ.ಎ. ಮುಗಿಸಿದರು, ಆಮೇಲೆ ವಕೀಲರಾದರು. ಮಾವುಯಿ ಪೊಮಾರೆ, ತೆ ರಂಗಿ ಹಿರೋವಾ ಡಾಕ್ಟರಾದರು. ಬೇರೆ ಯಾವ ಶಾಲೆಗಾದರೂ ಶಹಬ್ಬಾಸ್ ಸಿಗುತ್ತಿತ್ತು. ಇಲ್ಲಿ ನಡೆದದ್ದು ಉಲ್ಟಾ! 1906ರಲ್ಲಿ ಈ ಕಾಲೇಜಿನ ಕುರಿತು ವಿಚಾರಣಾ ಆಯೋಗ ಕುಳಿತಾಗ ಶಿಕ್ಷಣ ಇಲಾಖೆಯ ಮುಖ್ಯಸ್ಥ ಜಾರ್ಜ್ ಹೊಗ್ಬೆನ್ ಈ ಮಕ್ಕಳಿಗೆ ಬೇಸಾಯ, ಕೈಕೆಲಸ ಹೇಳಿಕೊಡಿ ಎಂದು ಪಟ್ಟು ಹಿಡಿದರು. ಆಯೋಗವೂ ಅದಕ್ಕೇ ತಲೆದೂಗಿತು. ಥಾರ್ನ್‌ಟನ್ ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ, ಎಳೆದಾಡಿದರು. ನನಗೆ ಈ ಮುದುಕರ ಮೇಲೆ ತುಸು ಪ್ರೀತಿಯೇ ಹುಟ್ಟಿದೆ. 1931ರ ಹೊತ್ತಿಗೆ ಶಿಕ್ಷಣ ನಿರ್ದೇಶಕ ಟಿ. ಬಿ. ಸ್ಟ್ರಾಂಗ್ ಮುಚ್ಚುಮರೆಯಿಲ್ಲದೆ ಬರೆದರು: ಮಾವೋರಿ ಹುಡುಗ ಒಳ್ಳೆಯ ರೈತನಾಗಬೇಕು, ಹುಡುಗಿ ಒಳ್ಳೆಯ ರೈತನ ಹೆಂಡತಿಯಾಗಬೇಕು. ಅವರ ಅಜ್ಜಂದಿರು ಹೊಲ ಉಳುವುದನ್ನು ಕಲಿಯಲೆಂದೇ ಜಾಗ ಬರೆದುಕೊಟ್ಟರೇ? ಉಳಲು ಉಳಿದಿದ್ದ ಭೂಮಿಯಾದರೂ ಎಷ್ಟು?

ವರದಿಯ ಲೆಕ್ಕದಂತೆ 1913ರಲ್ಲಿ ಶಾಲೆಗೆ ಹೋಗುತ್ತಿದ್ದ ಮಾವೋರಿ ಮಕ್ಕಳಲ್ಲಿ ನೂರಕ್ಕೆ 90 ಮಂದಿಗೆ ತಮ್ಮ ಭಾಷೆ ಬರುತ್ತಿತ್ತು. 1953ರಲ್ಲಿ 26. 1975ರಲ್ಲಿ ಐದಕ್ಕಿಂತ ಕಡಿಮೆ. ಮನೆಯಲ್ಲಿ ಎಲ್ಲಿಗೆ ಹೋದೀತು ಎಂದುಕೊಂಡ ಮಾತು ಹೋದದ್ದು ಹೀಗೆ. ಪೆಟ್ಟು ತಿಂದ ಮಕ್ಕಳು ತಾವು ತಾಯ್ತಂದೆಯಾದಾಗ ತಮ್ಮ ಮಕ್ಕಳೊಡನೆ ಇಂಗ್ಲಿಷನ್ನೇ ಆಡಿದರು.

ಸಂಜೆ ಮಗಳಿಗೆ ಆ ಒಂದು ರೂಪಾಯಿಯ ದಂಡ ನೆನಪಿದೆಯೇ ಎಂದು ಕೇಳಿದೆ. "ಒಂದಲ್ಲಮ್ಮಾ, ವಾರಕ್ಕೆ ನಾಲ್ಕೈದು ಆಗುತ್ತಿತ್ತು. ಎಲ್ಲ ನಿನಗೆ ಹೇಳುತ್ತಿರಲಿಲ್ಲ" ಎಂದಳು.

ರಾತ್ರಿ ಮೊಮ್ಮಗಳು ನನಗೆ ಪಾಠ ಮಾಡಿದಳು. "ಫಾನೌ" ಎಂದರೆ ಕುಟುಂಬ, ಅಜ್ಜಿ ಮಾವಂದಿರೆಲ್ಲ ಸೇರಿ. ನಾನು "ಪಾನು" ಎಂದೆ. ಮೂರು ಸಲ ತಿದ್ದಿದಳು. ನಾಲ್ಕನೆಯ ಸಲ ಸಾಕೆನಿಸಿ, ದೀಪ ಆರಿಸಿ ಮಲಗಿದಳು.