ಮಕ್ಕಳಿಗೆ ಚಾರ್ಜ್ ಕೊಟ್ಟು ಗುವಾಹಟಿಗೆ

ಸರ್ಕಾರಿ ಬ್ಯಾಂಕಿನಲ್ಲಿ ಸ್ಕೇಲ್ 3ರಿಂದ ಸ್ಕೇಲ್ 4ಕ್ಕೆ ಹೋದರೆ ಊರು ಬಿಟ್ಟ ಹಾಗೇ ಲೆಕ್ಕ. ಸೀನಿಯರ್ ಮ್ಯಾನೇಜರ್ ಆಗಿದ್ದವರು ಚೀಫ್ ಮ್ಯಾನೇಜರ್ ಆಗುವ ಹೊತ್ತಿಗೆ ಮಕ್ಕಳು ಪಿಯುಸಿಯಲ್ಲೋ ಡಿಗ್ರಿಯಲ್ಲೋ ಇರುತ್ತಾರೆ. ಮನೆಯಲ್ಲಿ ಹಿರಿಯರಿಗೆ ವಯಸ್ಸಾಗಿರುತ್ತದೆ. ನನ್ನ ಜೊತೆ ಕೆಲಸಕ್ಕೆ ಸೇರಿದ ಎಷ್ಟೋ ಹೆಣ್ಣುಮಕ್ಕಳು ಇದೇ ಕಾರಣಕ್ಕೆ ಪ್ರಮೋಷನ್ ಇಂಟರ್‌ವ್ಯೂಗೇ ಹೋಗಲಿಲ್ಲ. ಕೆಲಸದಲ್ಲಿ ನನಗಿಂತ ಚುರುಕಾಗಿದ್ದವರು ಅವರು. ಅವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನನಗೆ 2024ರ ಜೂನ್‌ನಲ್ಲಿ ಆರ್ಡರ್ ಬಂತು. ಮೈಸೂರಿನಿಂದ ಗುವಾಹಟಿಗೆ. ಮಗ ಮೈಸೂರಿನಲ್ಲೇ ಇಂಜಿನಿಯರಿಂಗ್ ಓದುತ್ತಿದ್ದ, ಮೂರನೇ ವರ್ಷಕ್ಕೆ ಬಂದಿದ್ದ. ಮಗಳಿಗೆ ಎರಡನೇ ಪಿಯು ಆಗ ತಾನೇ ಶುರುವಾಗಿತ್ತು. ನಮ್ಮನೆಯವರು ವಿದ್ಯುತ್ ಕಂಪನಿಯಲ್ಲಿ ಇಂಜಿನಿಯರ್, ಹಾಸನದಲ್ಲಿ ಕೆಲಸ. ಶನಿವಾರ ರಾತ್ರಿ ಬಂದು ಸೋಮವಾರ ಬೆಳಗ್ಗೆ ಹೊರಡುತ್ತಾರೆ. ಅಂದರೆ ವಾರವಿಡೀ ಮನೆಯಲ್ಲಿ ಉಳಿಯುವವರು ನಮ್ಮ ಅತ್ತೆ ಮತ್ತು ಮಕ್ಕಳಿಬ್ಬರು.

ಮಗಳನ್ನು ಜೊತೆಗೆ ಕರೆದುಕೊಂಡು ಹೋಗಬಹುದಿತ್ತಲ್ವಾ ಅಂತ ಈಗಲೂ ಕೇಳುತ್ತಾರೆ. ಮೊದಲನೇ ಪಿಯು ಮುಗಿಸಿದ ಹುಡುಗಿಯನ್ನು ಬೇರೆ ರಾಜ್ಯದ ಬೋರ್ಡಿಗೆ ಅರ್ಧದಲ್ಲಿ ಸೇರಿಸುವುದು ಸುಲಭದ ಕೆಲಸವಲ್ಲ. ಅವಳಿಗೆ ಬೇಕಿದ್ದದ್ದು ಇಲ್ಲಿನ ಇಂಜಿನಿಯರಿಂಗ್ ಸೀಟು. ಅದರ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಆ ಒಂದು ವರ್ಷವನ್ನು ಕದಲಿಸುವ ಧೈರ್ಯ ನಮಗೆ ಯಾರಿಗೂ ಇರಲಿಲ್ಲ. ಇನ್ನೂ ಚಿಕ್ಕ ಮಕ್ಕಳಿದ್ದು, ಅವರನ್ನು ಕರೆದುಕೊಂಡೇ ಹೊರಡುವವರು ಒಂದು ಲೆಕ್ಕ ಹಾಕಿಕೊಳ್ಳಿ. ಕರ್ನಾಟಕದ ಕೋಟಾದಲ್ಲಿ ಸೀಟು ಕೇಳುವ ಮಕ್ಕಳಿಗೆ ಸಾಮಾನ್ಯವಾಗಿ ರಾಜ್ಯದಲ್ಲಿ 7 ವರ್ಷ ಓದಿದ ದಾಖಲೆ ಬೇಕು. ಐದನೇ ಕ್ಲಾಸಿನಲ್ಲಿ ಹೊರಗೆ ಹೋಗಿ ಒಂಬತ್ತಕ್ಕೆ ವಾಪಸ್ ಬಂದರೆ ವರ್ಷಗಳು ಎಷ್ಟು ಉಳಿಯುತ್ತವೆ ಅಂತ ಹೊರಡುವ ಮುಂಚೆಯೇ ಎಣಿಸಿ ನೋಡಿ.

ಇನ್ನೊಂದು ಪ್ರಶ್ನೆ ನನ್ನನ್ನು ತುಂಬಾ ನೋಯಿಸಿತು. "ವಯಸ್ಸಿಗೆ ಬಂದ ಮಕ್ಕಳನ್ನ ಬಿಟ್ಟು ಅಷ್ಟು ದೂರ ಹೋಗ್ತೀರಾ?" ನೆಂಟರು ಕೇಳಿದರು, ಪಕ್ಕದ ಮನೆಯವರು ಕೇಳಿದರು, ನನ್ನದೇ ಬ್ರಾಂಚಿನ ಗ್ರಾಹಕರೊಬ್ಬರು ಕೌಂಟರ್ ಮುಂದೆ ನಿಂತು ಕೇಳಿದರು. ನಮ್ಮನೆಯವರು ಎಷ್ಟೋ ವರ್ಷದಿಂದ ಹಾಸನದಲ್ಲಿದ್ದಾರೆ. ಅವರನ್ನು ಇವತ್ತಿನವರೆಗೆ ಒಬ್ಬರೂ ಹೀಗೆ ಕೇಳಿಲ್ಲ. ಕೊನೆಗೆ ಮಾತು ಮುಗಿಸಿದವರು ಅತ್ತೆ. "ನೀನು ಹೋಗಮ್ಮ. ಇಪ್ಪತ್ತು ವರ್ಷ ನೀನು ಮನೆ ನೋಡ್ಲಿಲ್ವಾ? ಇನ್ಮೇಲೆ ಇವರು ನೋಡ್ಲಿ" ಅಂದರು. ನಾನು ಏನು ಮಾಡಬೇಕು ಅನ್ನುವುದು ಆ ಮಾತಿನಲ್ಲೇ ಇತ್ತು.

ಬ್ರಾಂಚ್ ಚಾರ್ಜ್ ಕೊಡುವುದು ಹೇಗೆ ಅಂತ ಬ್ಯಾಂಕಿನವರಿಗೆ ಗೊತ್ತು. ಕ್ಯಾಶ್ ಎಣಿಸಬೇಕು. ಒಡವೆ ಸಾಲದ ಪ್ಯಾಕೆಟ್‌ಗಳನ್ನು ರಿಜಿಸ್ಟರ್ ಜೊತೆ ತಾಳೆ ನೋಡಬೇಕು. ಬಾಕಿ ಇರುವ ಆಡಿಟ್ ಪ್ರಶ್ನೆಗಳನ್ನು ಮುಚ್ಚಿಡದೆ ಬರೆದುಕೊಡಬೇಕು. ಬೀಗದ ಕೈ ಕೊಟ್ಟು, ಇಬ್ಬರೂ ಸಹಿ ಹಾಕಿದ ಗಳಿಗೆಯಿಂದ ಬ್ರಾಂಚ್ ಹೊಸಬರದು. ಹಳೇ ಮ್ಯಾನೇಜರ್ ಎಲ್ಲೋ ಕೂತು ದಿನಾ ಫೋನ್ ಮಾಡಿ "ಆ ಪಾರ್ಟಿಗೆ ಸಾಲದ ಲಿಮಿಟ್ ಜಾಸ್ತಿ ಮಾಡಬೇಡಿ" ಅನ್ನುತ್ತಿದ್ದರೆ ಸ್ಟಾಫ್ ಯಾರ ಮಾತು ಕೇಳಬೇಕು? ಅಂಥ ಬ್ರಾಂಚ್‌ಗಳನ್ನು ನೋಡಿದ್ದೇನೆ. ಅಲ್ಲಿ ಫೈಲುಗಳು ಇದ್ದಲ್ಲೇ ಕೂತಿರುತ್ತವೆ. ಮನೆಯನ್ನೂ ಸರಿಯಾಗಿ ಚಾರ್ಜ್ ಕೊಟ್ಟೇ ಹೊರಡಬೇಕು ಅಂತ ತೀರ್ಮಾನ ಮಾಡಿದೆ. ಜವಾಬ್ದಾರಿ ಕೊಟ್ಟ ಮೇಲೆ ಅದಕ್ಕೆ ತಕ್ಕ ಅಧಿಕಾರವನ್ನೂ ಕೊಡಬೇಕು. ಇಪ್ಪತ್ತು ವರ್ಷದ ಹುಡುಗನಿಗೆ ಮನೆ ನೋಡ್ಕೋ ಅಂತ ಹೇಳಿ, ಐನೂರು ರೂಪಾಯಿಗೂ ನನ್ನನ್ನೇ ಕೇಳಬೇಕು ಅಂದರೆ ಅವನು ನೋಡಿಕೊಳ್ಳುವುದಾದರೂ ಏನನ್ನು?

ಹೊರಡುವ ಮುಂಚಿನ ಭಾನುವಾರ ಎಲ್ಲರೂ ಕೂತೆವು. ಹಣ ಮಗನ ಕೈಗೆ. ಅಡುಗೆಮನೆಯಲ್ಲಿ ಅತ್ತೆಯ ಮಾತೇ ಕೊನೆ. ಓದಿನ ವಿಷಯ, ಟ್ಯೂಷನ್, ಅದರ ಸಮಯ ಎಲ್ಲ ಮಗಳದ್ದೇ. ತಿಂಗಳ ಖರ್ಚಿನ ಹಣ ಒಂದನೇ ತಾರೀಖು ಮಗನ ಖಾತೆಗೆ ಹೋಗುತ್ತದೆ. ಎಲ್ಲಿ ಎಷ್ಟು ಖರ್ಚಾಯಿತು ಅಂತ ನಾನು ಕೇಳುವುದಿಲ್ಲ. ಈಗ ಯುಪಿಐ ಸರ್ಕಲ್ ಅಂತ ಬಂದಿದೆ. ನಮ್ಮ ಖಾತೆಯಿಂದಲೇ ಮನೆಯವರು ತಿಂಗಳಿಗೆ 15,000 ರೂಪಾಯಿವರೆಗೆ ಪಾವತಿ ಮಾಡಬಹುದು. ಒಳ್ಳೆಯ ವ್ಯವಸ್ಥೆಯೇ, ಗ್ರಾಹಕರಿಗೆ ನಾನೇ ಹೇಳಿಕೊಡುತ್ತೇನೆ. ಆದರೆ ಮಗನಿಗೆ ಅದನ್ನು ಮಾಡಿಸಲಿಲ್ಲ. ಅವನು ಎಲ್ಲಿ ಟೀ ಕುಡಿದ ಅನ್ನುವುದೂ ನನ್ನ ಫೋನಿನಲ್ಲಿ ಕಾಣುತ್ತಿದ್ದರೆ ಅದು ಅವನ ಹಣ ಅಂತ ಅವನಿಗೆ ಅನ್ನಿಸುವುದಿಲ್ಲ.

ಬ್ಯಾಂಕಿನವಳಾಗಿ ಇನ್ನೊಂದು ಮಾತು. ಮಗಳಿಗೋ ಮಗನಿಗೋ ನೀವು ದೂರ ಇರುವಾಗಲೇ 18 ತುಂಬುವುದಿದ್ದರೆ ಅವರ ಮೈನರ್ ಖಾತೆಯ ಕೆಲಸ ನೆನಪಿಡಿ. ಹೊಸದಾಗಿ ಕೆವೈಸಿ, ಅಂದರೆ ಗುರುತು ಮತ್ತು ವಿಳಾಸದ ದಾಖಲೆ ಕೊಡಬೇಕು, ಅವರದೇ ಸಹಿಯ ಮಾದರಿ ಕೊಡಬೇಕು. ಕಾಲೇಜು ಫೀಸ್ ಕಟ್ಟುವ ವಾರದಲ್ಲಿ ಖಾತೆ ನಿಂತುಹೋಗಿ ಓಡಾಡುವ ಮಕ್ಕಳನ್ನು ಕೌಂಟರ್‌ನಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಹಣಕ್ಕಿಂತ ಜಾಸ್ತಿ ಯೋಚನೆ ಬೇಕಾದದ್ದು ಮೊಬೈಲ್ ನಂಬರುಗಳಿಗೆ. ನಮ್ಮ ಮನೆಯ ಪ್ರತಿಯೊಂದಕ್ಕೂ ನನ್ನ ನಂಬರೇ ಕೊಟ್ಟಿತ್ತು. ಗ್ಯಾಸ್ ಸಿಲಿಂಡರ್ ತಂದ ಹುಡುಗ ಗೇಟಿನ ಹತ್ತಿರ ನಿಂತು ಕೋಡ್ ಕೇಳುತ್ತಾನೆ. ಕೋಡ್ ಬರುವುದು ಗುವಾಹಟಿಯಲ್ಲಿರುವ ನನ್ನ ಫೋನಿಗೆ. ನಾನು ರೀಜನಲ್ ಆಫೀಸಿನ ಮೀಟಿಂಗ್‌ನಲ್ಲಿದ್ದರೆ ಸಿಲಿಂಡರ್ ವಾಪಸ್. ಕರೆಂಟ್ ಬಿಲ್, ಕಾಲೇಜಿನ ಮೆಸೇಜು, ಅತ್ತೆಯ ಪೆನ್ಷನ್ ಖಾತೆ, ಎಲ್ಲದರದ್ದೂ ಇದೇ ಕಥೆ. ಬ್ಯಾಂಕಿನಲ್ಲಿ ಹೊಸ ಊರಿಗೆ ಹೋಗಿ ಸೇರಿಕೊಳ್ಳಲು ಪ್ರಯಾಣ ಬಿಟ್ಟು 7 ದಿನದವರೆಗೆ ಸಮಯ ಸಿಗುತ್ತದೆ. ಅದರಲ್ಲಿ ಬಹುಪಾಲು ನಂಬರ್ ಬದಲಾಯಿಸುವುದಕ್ಕೇ ಹೋಯಿತು. ಗ್ಯಾಸ್ ಮಗನ ನಂಬರಿಗೆ. ಅತ್ತೆಯ ಖಾತೆ ಅತ್ತೆಯ ಫೋನಿಗೇ. ಸಿಇಟಿ ಅರ್ಜಿ ಹಾಕುವಾಗ ಮಗಳು ಮೊದಲಿನಿಂದಲೇ ತನ್ನ ನಂಬರ್ ಕೊಟ್ಟಳು.

ಕಾಗದಗಳದ್ದೂ ಅಷ್ಟೇ. ಸ್ಟಡಿ ಸರ್ಟಿಫಿಕೇಟ್, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಮೇಲುಸಹಿ, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ಇವು ಯಾವ ಫೈಲಿನಲ್ಲಿವೆ ಅಂತ ನನಗೊಬ್ಬಳಿಗೇ ಗೊತ್ತಿದ್ದರೆ ಸಾಲದು. ಫೈಲ್ ಮಗಳ ಬೀರುವಿಗೆ ಹೋಯಿತು.

ಗುವಾಹಟಿ ಎಷ್ಟು ದೂರ ಅನ್ನುವುದು ಅಲ್ಲಿಗೆ ಹೋದ ಮೇಲೆ ಚೆನ್ನಾಗಿ ಗೊತ್ತಾಯಿತು. ಬೆಂಗಳೂರಿನಿಂದ ವಿಮಾನ ಮೂರು ಗಂಟೆಯದ್ದೇ. ಆದರೆ ಮನೆಯಿಂದ ಫೋನ್ ಬಂದ ತಕ್ಷಣ ಟಿಕೆಟ್ ಸಿಕ್ಕಿ, ದೇವನಹಳ್ಳಿಯಲ್ಲಿ ಇಳಿದು, ಮೈಸೂರು ಬಸ್ಸು ಹಿಡಿದು ಬಾಗಿಲು ತಟ್ಟುವಷ್ಟರಲ್ಲಿ ಒಂದು ಇಡೀ ಹಗಲು ಹೋಗಿರುತ್ತದೆ. ರೈಲಾದರೆ ಎರಡು ದಿನಕ್ಕೂ ಜಾಸ್ತಿ. ರಾತ್ರಿ ಹನ್ನೊಂದಕ್ಕೆ ಏನಾದರೂ ಆದರೆ ಅದಕ್ಕೆ ನಾನು ಬರುವುದಿಲ್ಲ. ಅಲ್ಲಿರುವವರೇ ಮಾಡಬೇಕು.

ಹಾಗೇ ಆಯಿತು ಕೂಡ. ಒಂದು ರಾತ್ರಿ ಅತ್ತೆಗೆ ಶುಗರ್ ತೀರಾ ಇಳಿದು ಮೈಯೆಲ್ಲ ಬೆವರಿತು, ಮಾತು ತೊದಲಿತು. ಮಗಳು ಸಕ್ಕರೆ ನೀರು ಕುಡಿಸಿದಳು. ಮಗ ಆಟೋ ತಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಹಾಸನಕ್ಕೆ ಅಪ್ಪನಿಗೆ ಫೋನ್ ಮಾಡಿದ. ನನಗೆ ಮಾಡಲಿಲ್ಲ. ಬೆಳಗ್ಗೆ ಆರಕ್ಕೆ ಫೋನ್ ಬಂತು. "ಅಮ್ಮ, ಅಜ್ಜಿ ಈಗ ಇಡ್ಲಿ ತಿಂತಿದ್ದಾರೆ. ರಾತ್ರಿ ಹಿಂಗಾಗಿತ್ತು" ಅಂತ ಶುರುಮಾಡಿದ. ರಾತ್ರಿನೇ ಯಾಕೆ ಹೇಳಲಿಲ್ಲ ಅನ್ನುವ ಮಾತು ಬಾಯಿಯ ತುದಿಗೆ ಬಂದಿತ್ತು. ಈಗ ಶುಗರ್ ಎಷ್ಟಿದೆ, ಡಾಕ್ಟರ್ ಮಾತ್ರೆ ಕಡಿಮೆ ಮಾಡಿದ್ರಾ, ಇಷ್ಟೇ ಕೇಳಿದೆ. ಅವನು ಎಲ್ಲ ಬರೆದಿಟ್ಟುಕೊಂಡಿದ್ದ. ಫೋನ್ ಇಟ್ಟ ಮೇಲೆ ನಾನು ಅತ್ತುಬಿಟ್ಟೆ. ಹೌದು, ಅತ್ತುಬಿಟ್ಟೆ. ಆದರೆ ಆ ಹೊತ್ತಿನಲ್ಲಿ ಅಪ್ಪನಿಗೆ ಮಾಡಬೇಕು, ಅಮ್ಮನಿಗೆ ಬೆಳಗ್ಗೆ ಹೇಳಿದರೂ ನಡೆಯುತ್ತೆ ಅಂತ ಲೆಕ್ಕ ಹಾಕಿದವನು ಅವನು. ಆ ಲೆಕ್ಕ ಸರಿಯಾಗಿಯೇ ಇತ್ತು. ಒಂದೇ ಒಂದು ಗದರಿಕೆಯಿಂದ ನಾನು ಅವನ ಕೈಯಿಂದ ಚಾರ್ಜ್ ವಾಪಸ್ ಕಿತ್ತುಕೊಂಡ ಹಾಗೆ ಆಗುತ್ತಿತ್ತು.

ಗುವಾಹಟಿ ಬ್ರಾಂಚಿನಲ್ಲಿ ಒಡಿಶಾದಿಂದ ಬಂದ ಹುಡುಗಿಯೊಬ್ಬಳು ಅಸಿಸ್ಟೆಂಟ್ ಮ್ಯಾನೇಜರ್. ಹೊಸದಾಗಿ ಸೇರಿದವಳು, ಲೆಕ್ಕದಲ್ಲಿ ತುಂಬಾ ಜಾಣೆ. ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಅಮ್ಮನ ವಿಡಿಯೊ ಕಾಲ್ ಬರುತ್ತಿತ್ತು. ಡಬ್ಬಿ ತೋರಿಸಬೇಕು. ಬಾಡಿಗೆ ಮನೆ ಬದಲಾಯಿಸಬೇಕಾದಾಗ ಮನೆ ಮಾಲೀಕರ ಜೊತೆ ಮಾತಾಡಿದ್ದೂ ಅವಳ ಅಪ್ಪನೇ, ಭುವನೇಶ್ವರದಿಂದ. ಆ ತಂದೆತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ, ನಾನೂ ಅದೇ ಸಂಕಟದಲ್ಲಿದ್ದೆ. ಆದರೆ ಆ ಹುಡುಗಿ ಒಂದು ಸಣ್ಣ ಸಾಲದ ಫೈಲಿಗೂ "ಮೇಡಂ, ಹಾಕಲಾ?" ಅಂತ ನನ್ನ ಕ್ಯಾಬಿನ್‌ಗೆ ಬರುತ್ತಿದ್ದಳು. ಅವಳ ಅಧಿಕಾರದೊಳಗಿನ ಫೈಲುಗಳನ್ನು ನಾನು ಬೇಕಂತಲೇ ನೋಡಲಿಲ್ಲ. ನೀನೇ ಓದಿ, ನೀನೇ ಬರೆದು, ನಿನ್ನ ಸಹಿ ಹಾಕು, ಆಮೇಲೆ ಇಬ್ಬರೂ ಮಾತಾಡೋಣ ಅಂದೆ. ಕೆಲವು ತಿಂಗಳಲ್ಲೇ ಸ್ವಸಹಾಯ ಸಂಘಗಳ ಸಾಲವೆಲ್ಲ ಅವಳೇ ನೋಡಿಕೊಳ್ಳುವಂತಾಯಿತು. ಮನೆಯಲ್ಲಿ ಮಗನಿಗೆ ಹೇಳಿದ್ದನ್ನೇ ಬ್ರಾಂಚಿನಲ್ಲಿ ಅವಳಿಗೆ ಹೇಳಿದೆ, ಅಷ್ಟೇ.

ಮಗಳ ಸೀಟಿನ ವಿಷಯ ನನಗೆ ಕಷ್ಟವಾಗಿತ್ತು. ಸಿಇಟಿ ಮೊದಲ ಸುತ್ತಿನಲ್ಲಿ ಅವಳಿಗೆ ಮೈಸೂರಿನಲ್ಲೇ ಎಲೆಕ್ಟ್ರಾನಿಕ್ಸ್ ಸಿಕ್ಕಿತು. ಸೀಟು ಸಿಕ್ಕ ಮೇಲೆ ನಾಲ್ಕು ಚಾಯ್ಸ್ ಇರುತ್ತವೆ. ಒಂದು, ಒಪ್ಪಿ ಸೇರಿಕೊಳ್ಳುವುದು. ಎರಡು, ಇದನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಇನ್ನೂ ಮೇಲಿನದಕ್ಕೆ ಕಾಯುವುದು. ಮೂರು, ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು, ಎಲ್ಲದರಿಂದ ಹೊರಬರುವುದು. ಚಾಯ್ಸ್ ಎರಡು ಹಾಕು, ಕಂಪ್ಯೂಟರ್ ಸೈನ್ಸ್ ಸಿಕ್ಕರೂ ಸಿಗಬಹುದು ಅಂತ ನನ್ನ ಮನಸ್ಸು. ಒಂದು ಸಲ ಹೇಳಿದೆ. "ನಂಗೆ ಎಲೆಕ್ಟ್ರಾನಿಕ್ಸೇ ಇಷ್ಟ ಅಮ್ಮ, ಆಪ್ಷನ್ ಪಟ್ಟಿಯಲ್ಲಿ ಅದನ್ನ ಮೇಲೆ ಇಟ್ಟಿದ್ದೇ ಅದಕ್ಕೆ" ಅಂದಳು. ಚಾಯ್ಸ್ ಒಂದು ಹಾಕಿ ಫೀಸ್ ಕಟ್ಟಿದ ಚಲನ್ನಿನ ಫೋಟೊ ಕಳಿಸಿದಳು. ಓದಿನ ಚಾರ್ಜ್ ಅವಳದು ಅಂತ ನಾನೇ ಕೊಟ್ಟದ್ದು.

ದೂರ ಇದ್ದು ಮಾತಾಡುವುದರ ಬಗ್ಗೆಯೂ ಹೇಳಬೇಕು. ದಿನಾ ಊಟ ಆಯ್ತಾ, ಓದಿದ್ಯಾ, ಬಾಗಿಲು ಹಾಕಿದ್ಯಾ ಅಂತ ಕೇಳಿದರೆ ಆಯ್ತು, ಹೂಂ, ಹಾಕಿದೆ ಅನ್ನುವುದು ಬಿಟ್ಟು ಬೇರೇನೂ ಬರುವುದಿಲ್ಲ. ನಾನು ನನ್ನ ವಿಷಯ ಹೇಳಲು ಶುರುಮಾಡಿದೆ. ಗುವಾಹಟಿಯಲ್ಲಿ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ. ಬ್ಯಾಂಕಿನ ಗಂಟೆ ಮಾತ್ರ ಎಲ್ಲ ಕಡೆ ಒಂದೇ. ಕತ್ತಲಲ್ಲಿ ಮನೆಗೆ ಬಂದು ಒಬ್ಬಳೇ ದೀಪ ಹಾಕುವಾಗ ತುಂಬಾ ಬೇಜಾರಾಗುತ್ತೆ ಅಂತ ಮಕ್ಕಳಿಗೆ ಹೇಳಿದೆ. ಮಗಳು ಟ್ಯೂಷನ್‌ನಿಂದ ನಡೆದು ಬರುವ ಹೊತ್ತಿಗೆ ಸರಿಯಾಗಿ ಫೋನ್ ಮಾಡಲು ಶುರುಮಾಡಿದಳು. ಬ್ರಾಂಚಿನಲ್ಲಿ ಒಬ್ಬ ಗ್ರಾಹಕರು ಕೂಗಾಡಿದ್ದು, ಬಿಹು ಹಬ್ಬಕ್ಕೆ ಸ್ಟಾಫ್ ನನಗೂ ಅಲ್ಲಿನ ಗಮೋಸಾ ವಸ್ತ್ರ ಹೊದಿಸಿದ್ದು, ಎಲ್ಲ ಹೇಳುತ್ತಿದ್ದೆ. ಅವಳೂ ತಾನಾಗಿಯೇ ಅವಳ ದಿನವನ್ನು ಹೇಳುತ್ತಿದ್ದಳು.

ನಾನು ಹೊರಟ ಮೇಲೆ, 2024ರ ನವೆಂಬರ್‌ನಲ್ಲಿ, ಕೇಂದ್ರದ ಹಣಕಾಸು ಸೇವೆಗಳ ಇಲಾಖೆ ಸರ್ಕಾರಿ ಬ್ಯಾಂಕುಗಳಿಗೆ ವರ್ಗಾವಣೆ ನೀತಿಯನ್ನು ತಿದ್ದಲು ಹೇಳಿತು. ಮಹಿಳಾ ಸಿಬ್ಬಂದಿಗೆ ಆದಷ್ಟು ಹತ್ತಿರದ ಜಾಗ ಕೊಡಿ, ಊರು ಆರಿಸಿಕೊಳ್ಳುವ ಅವಕಾಶ ಕೊಡಿ ಅನ್ನುವುದೂ ಅದರಲ್ಲಿದೆ. ನಿಮ್ಮ ಬ್ಯಾಂಕಿನ ಹೊಸ ನೀತಿಯನ್ನು ಪೂರ್ತಿ ಓದಿ, ಕೇಳಬೇಕಾದದ್ದನ್ನು ಬರವಣಿಗೆಯಲ್ಲೇ ಕೇಳಿ. ಓದಿನ ವರ್ಷದ ನಡುವೆ ವರ್ಗವಾದರೆ ಓದುವ ಮಕ್ಕಳಿರುವವರಿಗೆ ಒಂದು ಭತ್ಯೆಯೂ ಇದೆ. ಎಷ್ಟೋ ಜನ ಅದನ್ನು ಕೇಳುವುದೇ ಇಲ್ಲ.

ಇಂಟರ್‌ವ್ಯೂಗೆ ಹೆಸರು ಕೊಡುವ ಮುಂಚೆಯೇ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿ, ಆರ್ಡರ್ ಬಂದ ಮೇಲಲ್ಲ. ನಿಮ್ಮಿಂದ ಅವರಿಗೆ ಏನು ಬೇಕೇಬೇಕು ಅಂತ ಕೇಳಿ. ನನ್ನ ಮಗಳು ಕೇಳಿದ್ದು ಒಂದೇ. "ಪಿಯು ಪರೀಕ್ಷೆ ಶುರುವಾದಾಗಿಂದ ಮುಗಿಯೋವರೆಗೂ ನೀನು ಮನೇಲಿ ಇರ್ಬೇಕು." ಪಿಯು ಪರೀಕ್ಷೆ ಮಾರ್ಚ್‌ನಲ್ಲಿ. ಬ್ಯಾಂಕಿನ ವರ್ಷದ ಲೆಕ್ಕ ಮುಗಿಯುವುದೂ ಮಾರ್ಚ್‌ನಲ್ಲೇ. ಆ ತಿಂಗಳು ರಜ ಕೇಳುವುದು ಎಷ್ಟು ಕಷ್ಟ ಅಂತ ಬ್ಯಾಂಕಿನವರಿಗೆಲ್ಲ ಗೊತ್ತು. ಅದಕ್ಕೇ ಗುವಾಹಟಿಯಲ್ಲಿ ಸೇರಿಕೊಂಡ ವಾರವೇ ನಮ್ಮ ರೀಜನಲ್ ಹೆಡ್‌ಗೆ ಹೇಳಿ, ಪ್ರಿವಿಲೇಜ್ ಲೀವ್ (ಗಳಿಸಿದ ರಜೆ) ಒಂದು ದಿನವನ್ನೂ ಬೇರೆಯದಕ್ಕೆ ಮುಟ್ಟದೆ ಉಳಿಸಿಕೊಂಡೆ. ಬ್ರಾಂಚಿನಲ್ಲಿ ನನ್ನ ನಂತರದ ಅಧಿಕಾರಿಯನ್ನು ಫೆಬ್ರವರಿಯಿಂದಲೇ ನನ್ನ ಕುರ್ಚಿಯಲ್ಲಿ ಕೂರಿಸಿ ರೂಢಿ ಮಾಡಿಸಿದೆ. ಮಾರ್ಚ್ ಕೊನೆಯ ವಾರಕ್ಕೆ ನಾನು ಗುವಾಹಟಿಗೆ ವಾಪಸ್ ಹೋದಾಗ ಕ್ಲೋಸಿಂಗ್ ಕೆಲಸ ಅವರ ಕೈಯಲ್ಲಿ ಸರಾಗವಾಗಿ ನಡೆಯುತ್ತಿತ್ತು. ನಿಮ್ಮ ಮಕ್ಕಳೂ ಇಂಥದ್ದು ಏನಾದರೂ ಕೇಳಿದರೆ, ಆ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಮೊದಲು ಗುರುತು ಹಾಕಿ, ಮೇಲಿನವರಿಗೆ ಆಗಲೇ ತಿಳಿಸಿಬಿಡಿ.