ಅಪ್ಪನ ವಾಚು

ಅಪ್ಪ ಹೋಗಿ ಇವತ್ತಿಗೆ ಒಂದು ವರ್ಷ. ಬೆಳಿಗ್ಗೆ ಬೀರು ತೆಗೆದಾಗ ಅವರ ಎಚ್‌ಎಂಟಿ ಜನತಾ ವಾಚು ಕೈಗೆ ಸಿಕ್ಕಿತು. ಸೆಲ್ ಇಲ್ಲದ, ಕೀ ಕೊಡುವ ವಾಚು. ಆ ಕಾರ್ಖಾನೆಯೇ ಮುಚ್ಚಿ ವರ್ಷಗಳಾದವು.

ದಿನಾ ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು ಕೀ ಕೊಡುತ್ತಿದ್ದರು. ಆಮೇಲೆ ಕಿವಿಗೆ ಹಿಡಿದು ಕೇಳುತ್ತಿದ್ದರು. ನಮಗೆ ಮುಟ್ಟೋಕೂ ಬಿಡುತ್ತಿರಲಿಲ್ಲ. ಮೊಮ್ಮಗಳು ಬಂದ ಮೇಲೆ ಆ ಕೆಲಸ ಅವಳದಾಯಿತು. "ಮೆಲ್ಲಗೆ ಪುಟ್ಟಿ, ಬಿಗಿಯಾದ ತಕ್ಷಣ ನಿಲ್ಲಿಸು" ಅನ್ನುತ್ತಿದ್ದರು. ಅಪ್ಪನಿಗೆ ಅಷ್ಟು ಮೆತ್ತಗಿನ ದನಿ ಇದೆ ಅಂತ ನನಗೆ ಗೊತ್ತಾಗಿದ್ದೇ ಅವರು ತಾತ ಆದಮೇಲೆ.

ಇವತ್ತು ವಾಚನ್ನು ಸುಮ್ನೆ ಅವಳ ಕೈಗಿಟ್ಟೆ. ಕೀ ಕೊಟ್ಟಳು. ತಾತನ ಹಾಗೇ ಕಿವಿಗೆ ಹಿಡಿದಳು.

"ಓಡ್ತಾ ಇದೆ ಅಮ್ಮಾ" ಅಂದಳು.