ಬೆಂಗಳೂರು ಸುತ್ತಿ ಹುಬ್ಬಳ್ಳಿಗೆ

ಹುಬ್ಬಳ್ಳಿಯಲ್ಲಿ ಅಕ್ಕನ ಮಗನ ಮನೆ ಒಕ್ಕಲು. "ಚಿಕ್ಕಮ್ಮಾ, ರಾತ್ರಿ ಬಸ್ಸಲ್ಲಿ ಸೊಂಟ ನೋಯಿಸಿಕೊಂಡು ಬರ್ಬೇಡಿ. ಮಂಗಳೂರಿಂದ ವಿಮಾನದಲ್ಲಿ ಬನ್ನಿ. 265 ಕಿಲೋಮೀಟರ್, ಬರೀ 50 ನಿಮಿಷ, ನೆಟ್‌ನಲ್ಲಿ ನೋಡಿದೆ" ಎಂದ.

ಆ 50 ನಿಮಿಷ ಎಲ್ಲಿಂದ ಬಂತು ಅಂತ ನಾನೂ ಲೆಕ್ಕ ಹಾಕಿ ನೋಡಿದೆ. ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜಪೆಯಿಂದ ಹುಬ್ಬಳ್ಳಿ ಹೆಚ್ಚುಕಮ್ಮಿ ನೇರ ಉತ್ತರಕ್ಕಿದೆ. ನಕ್ಷೆಯಲ್ಲಿ ಗೆರೆ ಎಳೆದರೆ 265 ಬರುತ್ತದೆ, ಸರಿ. ಗಂಟೆಗೆ 800 ಕಿ.ಮೀ. ವೇಗ ಹಿಡಿದರೆ 20 ನಿಮಿಷ. ಏರುವುದಕ್ಕೆ, ಇಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸಿದರೆ ಮುಗಿಯಿತು. ಆ ಗೆರೆಯ ಮೇಲೆ ಅವತ್ತು ವಿಮಾನ ಉಂಟಾ ಇಲ್ಲವಾ, ಅದು ಲೆಕ್ಕಕ್ಕಿಲ್ಲ! ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಎಟಿಆರ್ ಆದರೆ ವೇಗವೇ 500ರ ಆಸುಪಾಸು.

ನನಗೆ ಬೇಕಾದ ದಿನ ನೇರ ವಿಮಾನ ಸಿಗಲಿಲ್ಲ. ಬೆಂಗಳೂರಿಗೆ ಹೋಗಿ ಬೇರೆ ವಿಮಾನ ಹಿಡಿಯಬೇಕು. ಬಜಪೆಯಿಂದ ಬೆಂಗಳೂರಿಗೆ ಗಾಳಿಯಲ್ಲಿ 300 ಚಿಲ್ಲರೆ, ಅಲ್ಲಿಂದ ಹುಬ್ಬಳ್ಳಿಗೆ 370ರಷ್ಟು. ಕೊಂಕಣ ಸುತ್ತಿ ಮೈಲಾರಕ್ಕೆ ಅಂತಾರಲ್ಲ, ಹಾಗೆ. ಸಾಲದ್ದಕ್ಕೆ ನಮ್ಮ ಮನೆ ಉಡುಪಿಯ ಕುಂಜಿಬೆಟ್ಟಿನಲ್ಲಿ. ಉತ್ತರದ ಊರಿಗೆ ಹೊರಟವಳು ಮೊದಲು ದಕ್ಷಿಣಕ್ಕೆ 55 ಕಿ.ಮೀ. ಹೋಗಬೇಕು.

ಬೆಳಿಗ್ಗೆ 5ಕ್ಕೆ ಕಾರು ಹತ್ತಿದೆ. ಪಡುಬಿದ್ರಿ, ಮೂಲ್ಕಿ, ಕಿನ್ನಿಗೋಳಿ. ಕಟೀಲು ದಾಟುವಾಗ ಸೀಟಿನಿಂದಲೇ ಕೈ ಮುಗಿದೆ. ಆಮೇಲೆ ಬಜಪೆ. ಗುಡ್ಡದ ತಲೆ ಸವರಿ ಮಾಡಿದ ರನ್‌ವೇ ನಮ್ಮದು, ಮಳೆಗಾಲದಲ್ಲಿ ಮೋಡ ಅಲ್ಲಿಯೇ ಕೂತಿರುತ್ತದೆ. ಪುಣ್ಯಕ್ಕೆ ಅದು ಜನವರಿ.

ಸುಮ್ನೆ ಕೂರಲಾಗದೆ ವಾಚ್ ನೋಡಿ ಟಿಕೆಟಿನ ಹಿಂದೆ ಬರೆಯುತ್ತಾ ಹೋದೆ. ವಿಮಾನ ಅಲುಗಿದ್ದು 8:32. ನೆಲ ಬಿಟ್ಟದ್ದು 8:43. ಬೆಂಗಳೂರಿನ ನೆಲ ಮುಟ್ಟಿದ್ದು 9:21. ಬಾಗಿಲು ತೆರೆದದ್ದು 9:34. ಅಂದರೆ ಹಾರಿದ್ದು ಬರೀ 38 ನಿಮಿಷ. ಪಕ್ಕದ ಹುಡುಗ ಅಷ್ಟು ಹೊತ್ತೂ ಗೊರಕೆ ಹೊಡೆದ. ಟಿಕೆಟಿನಲ್ಲಿ ಒಂದು ಗಂಟೆಗಿಂತ ಜಾಸ್ತಿ ಹಾಕುವುದು ಯಾಕೆ ಅಂತ ಆಗ ಗೊತ್ತಾಯಿತು. ನಿಂತಲ್ಲಿಂದ ಹೊರಟು ಮತ್ತೆ ನಿಲ್ಲುವವರೆಗಿನ ಹೊತ್ತು ಅದು, ನೆಲದ ಮೇಲೆ ಉರುಳುವುದೂ ಅದರಲ್ಲೇ ಬರುತ್ತದೆ.

ಬೆಂಗಳೂರಿನಲ್ಲಿ ಮೂರೂವರೆ ಗಂಟೆ ಕಾದೆ. ಒಂದು ಕಾಫಿಗೆ ಕೊಟ್ಟ ದುಡ್ಡು ಮನೆಯಲ್ಲಿ ಇನ್ನೂ ಹೇಳಿಲ್ಲ. ಹುಬ್ಬಳ್ಳಿಯಲ್ಲಿ ಇಳಿದು ಆಟೋ ಹಿಡಿದು ಮನೆ ಮುಟ್ಟುವಾಗ 3 ಗಂಟೆ. ಒಟ್ಟು ಹತ್ತು ಗಂಟೆ! ಊಟ ಮುಗಿದು ಶಾಮಿಯಾನ ಬಿಚ್ಚುತ್ತಿದ್ದರು. ಅಕ್ಕ ಎರಡು ಹೋಳಿಗೆ ತೆಗೆದಿಟ್ಟಿದ್ದಳು.

"ವಾಪಸ್ ಹೋಗ್ಲಿಕ್ಕೂ ವಿಮಾನ ಬುಕ್ ಮಾಡ್ಲಾ ಚಿಕ್ಕಮ್ಮಾ?"

"ಬೇಡ ಮಾರಾಯ, ಬಸ್ಸಲ್ಲಿ ಕಿಟಕಿ ಪಕ್ಕ ಒಂದು ಸೀಟು ನೋಡು."

ರಾತ್ರಿ 9:30ಕ್ಕೆ ಹೊರಟ ಬಸ್ಸು ಯಲ್ಲಾಪುರ, ಅರಬೈಲು ಘಾಟಿ, ಅಂಕೋಲಾ ದಾಟಿ, ಬೆಳಿಗ್ಗೆ 5ಕ್ಕೆ ಉಡುಪಿಯಲ್ಲಿ ಇಳಿಸಿತು. ಏಳೂವರೆ ಗಂಟೆ. ಸೊಂಟ ಮಾತ್ರ ಎರಡು ದಿನ ನೋಯಿತು.